ನಕ್ಷೆಯಲ್ಲಿಲ್ಲದ ಬಸಪ್ಪನ ಹರವಿ

ಬಸಪ್ಪ ದೇವರನ್ನು ನಂಬಿದ ಎಲ್ಲರಿಗೂ ಶರಣು. ನನ್ನ ಹೆಂಡತಿಯ ಜೀವ ಉಳಿಸಿದವನು ಆತನೇ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಜೀವವನ್ನು ಸಾವಿನ ಬಾಯಿಗೆ ಒಯ್ದವನು ನಾನು. ಅದನ್ನು ಮುಚ್ಚಿಟ್ಟು ಬರೆದರೆ ಇದು ಅನುಭವವಲ್ಲ, ಬರೀ ಬೊಗಳೆ.

ನಾನು ನ್ಯಾಮತಿಯಲ್ಲಿ ಹೈಸ್ಕೂಲು ಮೇಷ್ಟ್ರು, ಸಮಾಜ ವಿಜ್ಞಾನ ಕಲಿಸುತ್ತೇನೆ. ರಜೆ ಬಂದರೆ ಕಾಡಿನಲ್ಲಿ ಟೆಂಟು ಹಾಕಿ ಒಂದು ದಿನ ಇದ್ದು ಬರುವುದು ನನ್ನ ಹುಚ್ಚು. ದಾರಿ ಎಲ್ಲಿ, ನೆರಳು ಎಲ್ಲಿ, ನೀರು ಎಲ್ಲಿ ಎಂದು ಫೋನಿನಲ್ಲಿ ಕಾಡಿನ ನಕ್ಷೆ ತೆರೆದು ವಾರಗಟ್ಟಲೆ ನೋಡುತ್ತಿದ್ದೆ. ಅರಣ್ಯ ಇಲಾಖೆಯ ಅನುಮತಿಯನ್ನೂ ಪಡೆಯುತ್ತಿದ್ದೆ. ಊರವರನ್ನು ಕೇಳುವ ಅಭ್ಯಾಸ ಮಾತ್ರ ಇರಲಿಲ್ಲ. ಹೆಂಡತಿ ಲಲಿತಾ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯವಳು. ಇಬ್ಬರೂ ನಾಲೆ ನೀರು ನೋಡುತ್ತ ಬೆಳೆದವರು. ನಕ್ಷೆಯಲ್ಲಿ ನೀಲಿ ಇದ್ದರೆ ಅಲ್ಲಿ ನೀರು ಇದ್ದೇ ಇರುತ್ತದೆ ಎಂದುಕೊಂಡಿದ್ದೆವು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಬೈಕಿನಲ್ಲಿ ಜಗಳೂರು ಕಡೆಯ ಕುರುಚಲು ಕಾಡಿಗೆ ಹೊರಟೆವು. ಸೊಕ್ಕೆ ಎಂಬ ಊರು ದಾಟಿ ಮಣ್ಣುದಾರಿ ಮುಗಿಯುವಲ್ಲಿ ಬಸಪ್ಪನ ಸಣ್ಣ ಗುಡಿ. ಗುಡಿ ಮುಂದೆ ಕೆಂಚಮ್ಮ ಎಂಬ ವಯಸ್ಸಾದ ಹೆಂಗಸು ತಲೆಯ ಮೇಲಿನ ಕೊಡ ಇಳಿಸಿ, ಕಟ್ಟೆಯ ಮೇಲಿನ ದೊಡ್ಡ ಮಣ್ಣಿನ ಹರವಿಗೆ ನೀರು ತುಂಬಿಸಿ, ಗಂಟೆ ಹೊಡೆದಳು. ನಿಮ್ಮ ದೇವರಿಗೆ ಕಿವಿ ಮಂದವೇನಮ್ಮ ಎಂದು ಚೇಷ್ಟೆ ಮಾಡಿದೆ.

"ದೇವರಿಗಲ್ಲ, ಕುರಿ ಕಾಯೋರಿಗೆ. ಹರವಿ ತುಂಬೈತೆ ಅಂತ ಗೊತ್ತಾಗಬೇಕಲ್ಲ," ಎಂದಳು. ಹಾಸಿಗೆ ಹಿಡಿದ ಮಗಳು ಎದ್ದು ಓಡಾಡಲಿ ಎಂದು ಹರಕೆ ಹೊತ್ತು ಮೂರು ವರ್ಷದಿಂದ ದಿನಾ ತುಂಬಿಸುತ್ತಿದ್ದಳಂತೆ. ನಾವು ಟೆಂಟು ಹಾಕಲು ಹೊರಟಿದ್ದ ಕಾಡಿನ ಕೆರೆಯಲ್ಲಿ ಹನಿ ನೀರಿಲ್ಲ, ಹೋಗಬೇಡಿ ಎಂದು ಎರಡು ಸಲ ಹೇಳಿದಳು. ನಾನು ಫೋನು ಚಾಚಿ ನೀಲಿ ತೋರಿಸಿದೆ. ಆಕೆ ಬಗ್ಗಿ ನೋಡಿದಳು.

"ಬಣ್ಣ ಚೆನ್ನಾಗೈತೆ ಮೇಷ್ಟ್ರೇ. ಕುಡಿಯಾಕೆ ಬರಲ್ಲ."

ನನಗೆ ಸಿಟ್ಟು ಬಂತು. ಬೈಕನ್ನು ಗುಡಿಯ ಹತ್ತಿರವೇ ಬಿಟ್ಟು, ಎರಡೇ ಬಾಟಲಿ ನೀರು ಹಿಡಿದು ನಡೆದೆ. ಕೆರೆಗೆ ಹೋಗಿ ನೋಡಿದರೆ ಬಿರುಕು ಬಿಟ್ಟ ನೆಲ, ಕುರಿ ಹಿಕ್ಕೆ. ವಾಪಸ್ ಹೋಗೋಣ ಎಂದು ಲಲಿತಾ ಅಂದಳು. ನಕ್ಷೆಯಲ್ಲಿ ಎರಡು ಕಿಲೋಮೀಟರ್ ಆಚೆ ಇನ್ನೊಂದು ನೀಲಿ ಇತ್ತು. ಆ ಮುದುಕಿಯ ಮುಂದೆ ಸೋತು ಹೋಗಲು ಮನಸ್ಸು ಬರಲಿಲ್ಲ. ಹೋದೆವು, ಅದೂ ಒಣಗಿತ್ತು.

ತಿರುಗಿ ಬರುವಾಗ ಲಲಿತಾಳ ಬೆವರು ನಿಂತಿತು. ಏನೇನೋ ಬಡಬಡಿಸಿದಳು, ಕುಸಿದಳು. ಫೋನಿಗೆ ಸಿಗ್ನಲ್ ಇಲ್ಲ, ಸ್ವಲ್ಪ ಹೊತ್ತಿಗೆ ಬಿಸಿಲಿಗೆ ಕಾದು ಅದೂ ಬಂದ್ ಆಯಿತು. ಅವಳನ್ನು ಬೆನ್ನಿಗೆ ಹಾಕಿಕೊಂಡು ನಿಂತೆ. ಯಾವ ಕಡೆ ನೋಡಿದರೂ ಒಂದೇ ತರಹದ ಜಾಲಿ. ಬಸಪ್ಪಾ, ಬೆಳಿಗ್ಗೆ ಆಡಿದ್ದಕ್ಕೆ ನನ್ನನ್ನು ಏನು ಬೇಕಾದರೂ ಮಾಡು, ಇವಳನ್ನು ಬಿಡು ಎಂದು ಅತ್ತೆ.

ಆಗ ಗಂಟೆ ಕೇಳಿಸಿತು. ಅದು ನಿಲ್ಲಲೇ ಇಲ್ಲ. ಸದ್ದಿನ ಜಾಡು ಹಿಡಿದು, ಬಿದ್ದು ಎದ್ದು ಗುಡಿ ತಲುಪಿದೆ. ಕೆಂಚಮ್ಮ ಹಗ್ಗ ಬಿಟ್ಟು ಓಡಿ ಬಂದು ಹರವಿಯ ನೀರನ್ನೆಲ್ಲ ಲಲಿತಾಳ ತಲೆಗೆ, ಮೈಗೆ ಸುರಿದಳು. ಊರಿನಿಂದ ಗೂಡ್ಸ್ ಆಟೋ ಕರೆಸಿ ಜಗಳೂರಿನ ಆಸ್ಪತ್ರೆಗೆ ಕಳಿಸಿದಳು. ಎರಡು ದಿನ ಡ್ರಿಪ್ಸ್ ಹಾಕಿದ ಮೇಲೆ ಲಲಿತಾ ನನ್ನ ಗುರುತು ಹಿಡಿದಳು.

"ಆಯಮ್ಮ ಎರಡು ಸಲ ಹೇಳಿದ್ಲು, ನಾನೂ ಹೇಳಿದೆ. ನಿಮಗೆ ಕಿವಿ ಇರಲಿಲ್ಲ," ಎಂದಳು. ಅದೇ ಅವಳ ಮೊದಲ ಮಾತು.

ಹದಿನೈದು ದಿನದ ನಂತರ ಬಸ್ಸು ಹಿಡಿದು, ಹೊನ್ನಾಳಿ, ದಾವಣಗೆರೆ ಮೇಲೆ ಹಾಯ್ದು, ಹೊಸ ಹರವಿ ಹೊತ್ತು ಗುಡಿಗೆ ಹೋದೆ. ಅವತ್ತು ಮಧ್ಯಾಹ್ನ ಎರಡನೇ ಸಲ ಬಂದದ್ದು ಯಾಕೆ ಎಂದು ಕೆಂಚಮ್ಮನನ್ನು ಕೇಳಿದೆ. ನಿಮ್ಮ ಬೈಕು ಇನ್ನೂ ಬಿಸಿಲಲ್ಲೇ ನಿಂತೈತೆ ಅಂತ ಯಾರೋ ಅಂದರು, ದಾರಿ ತಪ್ಪಿದ್ದರೆ ಸದ್ದು ಕೇಳಲಿ ಅಂತ ಬಂದು ಗಂಟೆ ಹೊಡೆದೆ ಎಂದಳು. ಹಾಗೆ ಮಾಡಿಸಿದವನು ಬಸಪ್ಪನೇ, ನನಗೆ ಸಂಶಯವಿಲ್ಲ. ಮಗಳು ಹೇಗಿದ್ದಾಳೆ ಎಂದೆ. ನಾವು ಆಸ್ಪತ್ರೆಯಿಂದ ಮನೆಗೆ ಹೋದ ವಾರವೇ ತೀರಿಕೊಂಡಿದ್ದಳು. ಆದರೂ ಕೆಂಚಮ್ಮನ ಪಕ್ಕ ತುಂಬಿದ ಕೊಡವಿತ್ತು. ಇನ್ನೂ ಯಾಕಮ್ಮ ಎಂದೆ.

"ನನ್ನ ಮಗಳು ಹೋದ್ಲು ಅಂತ ಕುರಿಗೆ ಬಾಯಾರಿಕೆ ನಿಂತೈತೇನು ಮೇಷ್ಟ್ರೇ?"

ಈ ಅನುಭವ ಬರೆಯಲು ಹೇಳಿದ ನಮ್ಮ ಭಜನಾ ಮಂಡಳಿಯವರು ಈ ಕೊನೆಯ ಸಂಗತಿ ಬಿಟ್ಟು ಬರೆಯಿರಿ, ಓದಿದವರ ಭಕ್ತಿ ಕೆಡುತ್ತದೆ ಎಂದರು. ಕೆಡುವಂಥದ್ದಾದರೆ ಕೆಡಲಿ. ನನ್ನದು ಗಟ್ಟಿಯಾಗಿದೆ, ಇಲ್ಲದ ದೇವರ ಜೊತೆ ಯಾರೂ ಇಷ್ಟು ಜಗಳ ಆಡುವುದಿಲ್ಲ. ತಿಂಗಳಿಗೊಂದು ದಿನ ಹರವಿ ತುಂಬಿಸುವುದು ಈಗ ನನ್ನ ಪಾಲಿನ ಕೆಲಸ. ಲಲಿತಾಳನ್ನು ಉಳಿಸಿಕೊಟ್ಟೆಯಲ್ಲ ಎಂದು ಬಸಪ್ಪನಿಗೆ ಕೈಮುಗಿಯುತ್ತೇನೆ. ದಿನಾ ನೀರು ಹೊತ್ತವಳ ಮಗಳನ್ನು ಯಾಕೆ ಉಳಿಸಿಕೊಡಲಿಲ್ಲ ಎಂದು ಕೇಳುತ್ತೇನೆ. ಆಮೇಲೆ ಕುರಿಯವರಿಗೆ ಕೇಳಲಿ ಎಂದು ಗಂಟೆ ಹೊಡೆಯುತ್ತೇನೆ.