ಹಡಗಿನಿಂದ ಬಂದ ಮೂಕ ಆಟ

ಮೊನ್ನೆ ನಾದಿನಿಯ ಮಗ ಫೋನ್ ಮಾಡಿದ್ದ. "ಅತ್ತೆ, ನಮ್ಮಪ್ಪ ಹಡಗಿಂದ ತಂದಿದ್ರಲ್ಲ ಆ ಟಿವಿ ಆಟ, ಮೇಲೆ ಚಿತ್ರ ಇಲ್ಲದ್ದು, ಅದು ಇನ್ನೂ ಐತಾ?" ಅಂದ. ಅಂಗಡಿಗೇ ಬಾರದೆ ಕಂಪನಿಯ ಒಳಗೇ ಉಳಿದುಹೋದ ಆ ಕಾಲದ ಆಟಗಳನ್ನು ಈಗ ಜನ ಹುಡುಕಿಕೊಂಡು ಅಲೆಯುತ್ತಾರಂತೆ. ಒಂದು ಸಿಕ್ಕರೆ ಅವರಿಗೆ ಹಬ್ಬವಂತೆ. ಎಲ್ಲಿದೆಯೋ ಗೊತ್ತಿಲ್ಲಪ್ಪ ಅಂದೆ. ಸುಳ್ಳು. ಅಡುಗೆಮನೆಯ ಅಟ್ಟದ ಮೇಲೆ, ಹಿತ್ತಾಳೆ ಕೊಳಗದೊಳಗೆ ಇದೆ. ಕೊಡಲು ಮನಸ್ಸಿಲ್ಲ, ಅಷ್ಟೇ. ಅವನಿಗೆ ಅದು ಅಪರೂಪದ ವಸ್ತು, ನನಗೆ ಅದರ ಮೇಲೆ ಇವತ್ತಿಗೂ ಸಿಟ್ಟು. ನಾನು ಸಿಟ್ಟು ಇಟ್ಟುಕೊಂಡಿರುವ ವಸ್ತುವನ್ನು ಇನ್ನೊಬ್ಬರು ಬಂದು ಮುದ್ದಾಡುವುದು ನನಗೆ ಸರಿಬರುವುದಿಲ್ಲ.

ನಾನು ಜಗಳೂರು ತಾಲ್ಲೂಕಿನ ಬಿಳಿಚೋಡಿನವಳು. ಎಂಬತ್ತರ ದಶಕದ ನಡುವೆ, ಪಿಯುಸಿ ಮುಗಿಸಿದ ಬೆನ್ನಿಗೇ ಹೊನ್ನಾಳಿಯ ಜವಳಿ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದೆ. ನಿಶ್ಚಯದ ದಿನ ನಮ್ಮಪ್ಪ ಕೇಳಿದ್ದು ಒಂದೇ ಮಾತು. ಹುಡುಗಿಗೆ ಮೇಡಂ ಆಗಬೇಕು ಅಂತ ಆಸೆ, ದಾವಣಗೆರೆಯಲ್ಲಿ ಟೀಚರ್ ಟ್ರೈನಿಂಗ್ ಮಾಡಲು ಬಿಡುತ್ತೀರಾ? ಮಾವ ನಗುನಗುತ್ತಾ, "ಅದಕ್ಕೇನ್ರಿ, ಮಾಡಿದ್ರಾತು, ನೋಡಾನ" ಅಂದರು. ಅಪ್ಪ ಅಷ್ಟಕ್ಕೇ ಖುಷಿಯಾಗಿ ಎಲೆ ಅಡಿಕೆ ತಟ್ಟೆ ಮುಂದಿಟ್ಟರು.

ಮನೆ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿತ್ತು. ಬೆಳಗಿನಿಂದ ಸಂಜೆಯವರೆಗೆ ಕಂಡಕ್ಟರುಗಳು "ದಾವಣಗೆರೆ, ದಾವಣಗೆರೆ" ಅಂತ ನನ್ನ ಕಿವಿಯಲ್ಲೇ ಕೂಗಿದ ಹಾಗೆ ಕೂಗುತ್ತಿದ್ದರು. ಮುಂಬಾಗಿಲು ಗಂಡಸರದು, ಹೆಂಗಸರ ಓಡಾಟ ಹಿತ್ತಲ ಬಾಗಿಲಿಂದ. ಸೊಸೆಯಾದವಳು ಮುಂಬಾಗಿಲು ದಾಟುವುದು ಬೆಳಿಗ್ಗೆ ಒಂದು ಸಲ, ಅಂಗಳಕ್ಕೆ ಸಗಣಿ ನೀರು ಹಾಕಿ ರಂಗೋಲಿ ಬಿಡಲು. ಅದಕ್ಕೂ ಅತ್ತೆಯ ಕಾವಲು. ಅವರಿಗೆ ರಂಗೋಲಿಯಲ್ಲಿ ಒಂದು ಹಟ. ಗೆರೆ ಎಲ್ಲಿ ಹೊರಟರೂ ಕೊನೆಗೆ ಬಂದು ಕೂಡಬೇಕು. ಎಲ್ಲಾದರೂ ಸಂದಿ ಕಂಡರೆ, "ಬಾಯಿ ಬಿಟ್ಟ ರಂಗೋಲಿ ಮನಿಗೆ ಒಳ್ಳೇದಲ್ಲವ್ವ, ಮುಚ್ಚು" ಅನ್ನುತ್ತಿದ್ದರು. ಮುಚ್ಚುತ್ತಿದ್ದೆ.

ಗಂಡ ಬಟ್ಟೆ ಗಂಟು ಕಟ್ಟಿಕೊಂಡು ಚನ್ನಗಿರಿ ಸಂತೆ, ನ್ಯಾಮತಿ ಸಂತೆ ಅಂತ ತಿರುಗುವವರು. ಕಾಲೇಜಿನ ಮಾತು ತೆಗೆದರೆ "ಅಪ್ಪಾರನ್ನ ಕೇಳು" ಅನ್ನುವರು. ಅಪ್ಪಾರನ್ನು ಕೇಳಿದರೆ "ನೋಡಾನ ತಡಿಯವ್ವ" ಅನ್ನುವರು. ಹಾಗಂತ ಮಾವ ಕೆಟ್ಟವರಲ್ಲ. ಅಂಗಡಿಯಿಂದ ಬರುವಾಗ ನೆನಪಿಟ್ಟು ಮಲ್ಲಿಗೆ ತರುತ್ತಿದ್ದರು, ನನಗೆ ಒಂದು ದಿನ ಗದರಿದವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಿತ್ತು.

ಎರಡನೇ ವರ್ಷದ ಯುಗಾದಿಗೆ ನಾದಿನಿಯೂ ಅವಳ ಗಂಡನೂ ನ್ಯಾಮತಿಯಿಂದ ಬಂದರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಅವರು ಹಡಗಿನಲ್ಲಿ ರೇಡಿಯೋ ನೋಡಿಕೊಳ್ಳುವ ಕೆಲಸದಲ್ಲಿದ್ದು, ವರ್ಷದಲ್ಲಿ ಅರ್ಧ ನೀರ ಮೇಲೇ ಕಳೆಯುವವರು. ಯಾವುದೋ ದೇಶದ ಬಂದರಿನಲ್ಲಿ ಟಿವಿ ಆಟ ಮಾಡುವ ಕಂಪನಿಯೊಂದು ಬಾಗಿಲು ಹಾಕಿತ್ತಂತೆ. ಒಳಗಿದ್ದ ಸಾಮಾನನ್ನೆಲ್ಲ ಕಡ್ಲೆಕಾಯಿ ತೂಗಿದ ಹಾಗೆ ತೂಗಿ ಮಾರುತ್ತಿದ್ದರಂತೆ. ಅಲ್ಲಿಂದ ಟಿವಿಗೆ ಜೋಡಿಸುವ ಒಂದು ಕಪ್ಪು ಪೆಟ್ಟಿಗೆ, ಹಿಡಿ ಇರುವ ಎರಡು ಕೋಲು, ಪೆಟ್ಟಿಗೆಯ ಬಾಯಿಗೆ ತುರುಕುವ ಮೂರು ಆಟ ತಂದಿದ್ದರು. ಜಗಲಿಯ ಮೇಲೆ ಕೂತು ಮಾವನಿಗೆ ಒಂದೊಂದನ್ನೂ ಎತ್ತಿ ಹಿಡಿದು ವಿವರಿಸುತ್ತಿದ್ದರು. ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ಏನು ಹೇಳಿದರೋ ಕೇಳಿಸಲಿಲ್ಲ.

ನಮ್ಮಲ್ಲಿ ಆಗಷ್ಟೇ ಟಿವಿ ಬಂದಿತ್ತು. ಮರದ ಪೆಟ್ಟಿಗೆ, ಮುಂದೆ ಎಳೆದು ಮುಚ್ಚುವ ಬಾಗಿಲು. ಮಾಳಿಗೆಯ ಮೇಲೆ ಕಬ್ಬಿಣದ ಪೈಪ್ ನಿಲ್ಲಿಸಿ ಆಂಟೆನಾ ಕಟ್ಟಿದ್ದರೂ ವಾರ್ತೆ ಓದುವವರ ಮುಖಕ್ಕೆ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತಿತ್ತು. ನಿಚ್ಚಳವಾಗಿ ಕಂಡದ್ದೆಂದರೆ ಈ ಆಟಗಳೇ. ಅದಕ್ಕೂ ಒಂದು ರಗಳೆ. ಚಿತ್ರ ಮೇಲಕ್ಕೆ ಉರುಳುತ್ತಾ ಹೋಗುತ್ತಿತ್ತು, ಟಿವಿಯ ಹಿಂದಿನ ತಿರುಪನ್ನು ತಿರುಗಿಸಿ ತಿರುಗಿಸಿ ನಿಲ್ಲಿಸಬೇಕು.

ಎರಡು ಆಟಗಳ ಮೇಲೆ ಬಣ್ಣದ ಚಿತ್ರವಿತ್ತು. ಒಂದರಲ್ಲಿ ಚೆಂಡು, ಒಂದರಲ್ಲಿ ವಿಮಾನ. ಅವು ಪೀಂ ಪೀಂ ಅನ್ನುತ್ತಿದ್ದವು, ಗೆದ್ದರೆ ಅಂಕಿ ಏರುತ್ತಿತ್ತು. ಓಣಿಯ ಮಕ್ಕಳಿಗೆ ಅವೇ ಬೇಕು. ಮೂರನೆಯದಕ್ಕೆ ಮೇಲ್ಹೊದಿಕೆಯೇ ಇಲ್ಲ, ರೇಡಿಯೋ ಒಳಗೆ ಇರುವಂಥ ಬರೀ ಹಸಿರು ಹಲಗೆ, ಅದರ ಮೇಲೆ ಪೆನ್ನಿನಲ್ಲಿ ಏನೋ ಗೀಚಿದ ಪಟ್ಟಿ. ಹಾಕಿದರೆ ಹೆಸರೂ ಬರುವುದಿಲ್ಲ, ಸದ್ದೂ ಇಲ್ಲ, ಅಂಕಿಯೂ ಇಲ್ಲ. ಒಂದು ಕೋಣೆ, ಗೋಡೆಯಲ್ಲಿ ಒಂದು ದೊಡ್ಡ ಬಾಗಿಲು, ನಡುವೆ ಚೌಕ ಮೈಯ ಒಬ್ಬ ಮನುಷ್ಯ. ಕೋಣೆಯಿಂದ ಕೋಣೆಗೆ ಹೋಗಿ ಬೀಗದ ಕೈ ಹುಡುಕಿ ತಂದು ಆ ದೊಡ್ಡ ಬಾಗಿಲು ತೆಗೆಯಬೇಕು ಅಂತ ನಾವೇ ಊಹಿಸಿಕೊಂಡೆವು. ಇಷ್ಟು ಮೌನವಾಗಿದೆ ಅಂದರೆ ಇದು ದೊಡ್ಡವರ ಆಟವೇ ಇರಬೇಕು ಅಂತ ಓಣಿಯೇ ಒಪ್ಪಿತು. ಆ ಕಾಲದಲ್ಲಿ ಫಾರಿನ್ ಅಂದರೆ ಸೋಪಿನ ಖಾಲಿ ಡಬ್ಬಿಯನ್ನೂ ಷೋಕೇಸಿನಲ್ಲಿಡುತ್ತಿದ್ದೆವು. ಅಲ್ಲಿಂದ ಬಂದ ಮಾಲಿನಲ್ಲಿ ಕೊರತೆ ಇರಬಹುದು ಅಂತ ನಮ್ಮಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ಅದೇ ಬೇಸಿಗೆ ದಾವಣಗೆರೆ ಕಾಲೇಜಿಗೆ ಸೇರಿಸಿಕೊಳ್ಳುವ ಕಾಲ ಬಂತು ಅಂತ ಅಪ್ಪ ಹೇಳಿಕಳಿಸಿದರು. ಆಷಾಢ ಮುಗಿಯುವುದರೊಳಗೆ ಸೇರಬೇಕು. ಬೆಳಿಗ್ಗೆ ಮಾವ ಲಿಂಗಪೂಜೆ ಮುಗಿಸಿ ವಿಭೂತಿ ಧರಿಸಿ ಪಡಸಾಲೆಗೆ ಬಂದಾಗ ಹೋಗಿ ಕೇಳಿಯೇ ಬಿಟ್ಟೆ. ಹೊತ್ತು ನೋಡಿಯೇ ಕೇಳಿದ್ದು. ಪೂಜೆಗೂ ಪ್ರಸಾದಕ್ಕೂ ನಡುವೆ ಆಡಿದ ಮಾತು ತಪ್ಪಬಾರದು ಅನ್ನುವುದು ಆ ಮನೆಯ ನೇಮ. ಆಗ ಅವರು ಗಿರಾಕಿಗೆ ಬಟ್ಟೆಯ ದರವನ್ನೂ ಹೇಳುತ್ತಿರಲಿಲ್ಲ.

ಮಾವ ನನ್ನನ್ನು ನೋಡಿದರು, ಟಿವಿ ನೋಡಿದರು, ನಕ್ಕರು. "ಆ ಬೊಂಬೆನ ದೊಡ್ಡ ಬಾಗಿಲಿಂದ ಹೊರಗೆ ಕರ್ಕೊಂಬಾರವ್ವ. ಅವತ್ತೇ ನಿನ್ನ ದಾವಣಗೆರೆ ಬಸ್ ಹತ್ತಿಸ್ತೀನಿ."

ಅತ್ತೆ ಅಡುಗೆಮನೆಯ ಹೊಸಿಲಲ್ಲಿ ನಿಂತು ಕೇಳಿಸಿಕೊಂಡರು. "ವಿಭೂತಿ ಹಚ್ಚಿಕೊಂಡು ಮಾತಾಡ್ತಾ ಇದ್ದೀರಿ, ನೆನಪೈತಾ?" ಅಂದರು.

"ಐತೆ ಬಿಡೆ."

ನಾನು ಎಷ್ಟು ಹಿಗ್ಗಿದೆನೆಂದರೆ ಆವತ್ತು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. 

ಗಂಡಸರು ಅಂಗಡಿಗೆ ಹೋದ ಮೇಲೆ ಪಡಸಾಲೆ ನನ್ನದಾಯಿತು. ಮುಂಬಾಗಿಲಿನ ಪಕ್ಕದಲ್ಲೇ ಕೂತು, ಹಿಡಿಕೋಲು ಹಿಡಿದು ಆ ಚೌಕದ ಮನುಷ್ಯನನ್ನು ನಡೆಸತೊಡಗಿದೆ. ಕೋಣೆಯಿಂದ ಕೋಣೆಗೆ ಹೋದ ಹಾಗೆ ಬಂದ ದಾರಿ ಮರೆತುಹೋಗುತ್ತಿತ್ತು. ಕರೆಂಟ್ ಹೋದರೆ ಮತ್ತೆ ಮೊದಲ ಕೋಣೆ. ಹೊನ್ನಾಳಿಯ ಕರೆಂಟ್ ನನ್ನ ಕಷ್ಟ ನೋಡಿಕೊಂಡೇ ಹೋಗುತ್ತಿತ್ತೇನೋ! ಕಡೆಗೆ ನನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದೆ. ಒಂದೊಂದು ಕೋಣೆಗೆ ಒಂದು ಚುಕ್ಕಿ, ಅಲ್ಲಿಂದಿಲ್ಲಿಗೆ ದಾರಿಯಿದ್ದರೆ ಒಂದು ಗೆರೆ. ಅಷ್ಟು ದೊಡ್ಡ ಜಾಗ ಮನೆಯೊಳಗೆ ಇಲ್ಲದ್ದರಿಂದ ಬೆಳಗಿನ ರಂಗೋಲಿಯನ್ನೇ ಆ ಆಟದ ನಕ್ಷೆ ಮಾಡಿದೆ. ಹಿಂದಿನ ದಿನ ಸಿಕ್ಕ ದಾರಿ ಮಾರನೇ ದಿನ ಅಂಗಳದಲ್ಲಿ ಒಂದು ಹೊಸ ಗೆರೆಯಾಗುತ್ತಿತ್ತು.

ಎದುರು ಮನೆಯಾಕೆ ಮೂಗಿನ ಮೇಲೆ ಬೆರಳಿಟ್ಟರು. "ಜಗಳೂರು ಕಡಿ ರಂಗೋಲಿ ಹಿಂಗಿರ್ತಾವೇನವ್ವ? ಭಾಳ ಚೆಂದ ಐತೆ." ಸ್ವಲ್ಪ ದಿನದಲ್ಲಿ ಅವರ ಅಂಗಳದಲ್ಲೂ ಅದೇ ಬಿತ್ತು, ಆಮೇಲೆ ಅವರ ಪಕ್ಕದ ಮನೆಯಲ್ಲೂ. ನಾನು ಸಿಕ್ಕಿಹಾಕಿಕೊಂಡಿದ್ದ ಕೋಣೆಗಳನ್ನು ಬಸ್‌ಸ್ಟ್ಯಾಂಡ್ ರಸ್ತೆಯ ಹೆಂಗಸರೆಲ್ಲ ಬೆಳಬೆಳಿಗ್ಗೆ ಬಾಗಿಲ ಮುಂದೆ ಬಿಡಿಸುತ್ತಿದ್ದರು. ನಗು ಬರುತ್ತಿತ್ತು.

ಅತ್ತೆ ಮೊದಮೊದಲು ಮುಖ ಗಂಟಿಕ್ಕಿಕೊಂಡು ಒಳಗೇ ಇದ್ದರು. ಒಂದು ಮಧ್ಯಾಹ್ನ ಹುಣಸೆಹಣ್ಣಿನ ಬುಟ್ಟಿ ತಂದು ನನ್ನ ಹಿಂದೆ ಕೂತು ಬೀಜ ಬಿಡಿಸತೊಡಗಿದರು. ಮರುದಿನವೂ ಬಂದರು. ಮೂರನೇ ದಿನ ಬೆನ್ನ ಹಿಂದಿನಿಂದ, "ಆ ಕ್ವಾಣಿಗೆ ನಿನ್ನೆ ಹೋಗಿದ್ದಿ. ಎಡಕ್ಕೆ ತಿರುಗಸು" ಅಂದರು. ಆಮೇಲೆ ಅವರದೇ ಉಸ್ತುವಾರಿ. ಚಿತ್ರ ಉರುಳತೊಡಗಿದರೆ ಎದ್ದು ಹೋಗಿ ತಿರುಪು ತಿರುಗಿಸುವವರು ಅವರೇ. ಬುಟ್ಟಿಯ ಹುಣಸೆಹಣ್ಣು ತೀರಿದ ಮೇಲೂ ಬುಟ್ಟಿ ಇಟ್ಟುಕೊಂಡೇ ಕೂತಿರುತ್ತಿದ್ದರು.

ಬೀಗದ ಕೈಗಳು ಸಿಕ್ಕವು. ಕಡೆಗೆ ಒಂದು ದಿನ ದೊಡ್ಡ ಬಾಗಿಲು ತೆರೆಯಿತು. ಅತ್ತೆ ನನ್ನ ಹೆಗಲು ಹಿಡಿದುಕೊಂಡರು. ಮನುಷ್ಯ ಬಾಗಿಲೊಳಗೆ ಕಾಲಿಟ್ಟ. ಪರದೆ ತುಂಬ ಸೀರೆಯ ಪಟ್ಟೆಯಂತೆ ಗೆರೆಗಳು ಬಂದವು, ಹೋದವು. ಅವನು ಮತ್ತೆ ಮೊದಲ ಕೋಣೆಯಲ್ಲಿ ನಿಂತಿದ್ದ, ಬಾಗಿಲು ಮುಚ್ಚಿತ್ತು. ಹೊರಗೆ ಕಂಡಕ್ಟರ್ ಕೂಗುತ್ತಿದ್ದ.

"ಎಲ್ಲೋ ತಪ್ಪಿದೆವು ಕಣವ್ವ," ಅಂದರು ಅತ್ತೆ. "ಮತ್ತೆ ಮಾಡು."

ಮತ್ತೆ ಮಾಡಿದೆ. ಬೀಗದ ಕೈಗಳ ಸರದಿ ಬದಲಿಸಿದೆ, ಒಂದು ಕೋಣೆಯಲ್ಲಿ ಸಿಗುವ ದೀಪ ಹಿಡಿದು ಹೋದೆ, ದೀಪ ಬಿಟ್ಟು ಹೋದೆ, ಗೋಡೆ ಗೋಡೆಗೆ ಅವನ ಮೈ ಉಜ್ಜಿದೆ. ಪಟ್ಟೆ ಬರುವುದು, ಮೊದಲ ಕೋಣೆಗೆ ಬೀಳುವುದು. ರಾತ್ರಿ ಕಣ್ಣು ಮುಚ್ಚಿದರೂ ಆ ಪಟ್ಟೆಗಳೇ. ನನ್ನ ತಲೆಯೇ ದಡ್ಡತಲೆ, ಇಂಥವಳು ಓದಿ ಏನು ಮಾಡಬೇಕು ಅಂತ ನನ್ನನ್ನು ನಾನೇ ಬೈದುಕೊಳ್ಳುವ ಮಟ್ಟಕ್ಕೆ ಬಂದೆ. ಅದನ್ನು ಮಾತ್ರ ನಾನು ಕ್ಷಮಿಸಿಲ್ಲ. ಆ ಬೈಗುಳವನ್ನು ನನ್ನ ಬಾಯಿಗೆ ತಂದವರನ್ನು ಕ್ಷಮಿಸಿಲ್ಲ.

ಆಷಾಢ ಮುಗಿಯಿತು. ಸೀಟು ತುಂಬಿದವು ಅಂತ ಅಪ್ಪನಿಂದ ಸುದ್ದಿ ಬಂತು. ಮಾವ ಒಂದು ಮೊಳ ಮಲ್ಲಿಗೆ ಕೈಗೆ ಕೊಡುತ್ತಾ, "ಮುಂದಿನ ವರ್ಷ ಎಲ್ಲಿ ಹೋಗ್ತೈತವ್ವ. ಆಡ್ತಾ ಇರು" ಅಂದರು.

ಶ್ರಾವಣದಲ್ಲಿ ಪಂಚಮಿ ಬಂತು. ನಾದಿನಿ ತವರಿಗೆ ಬರುವ ಹಬ್ಬ, ಮನೆ ತುಂಬ ಕೆಲಸ ಅಂತ ನನ್ನನ್ನು ನನ್ನ ತವರಿಗೆ ಕಳಿಸಲಿಲ್ಲ. ಅಣ್ಣನೂ ಬಂದಿದ್ದರು. ಊಟವಾದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ, ಇದನ್ನು ತಂದ ಮನುಷ್ಯನಿಗಾದರೂ ಗುಟ್ಟು ಗೊತ್ತಿರಬಹುದು ಅಂತ ಟಿವಿ ಹಾಕಿ ತೋರಿಸಿದೆ. ಬೀಗದ ಕೈ, ದೊಡ್ಡ ಬಾಗಿಲು, ಪಟ್ಟೆ, ಮೊದಲ ಕೋಣೆ.

"ಅಣ್ಣಾರೆ, ಇಲ್ಲಿ ಎಲ್ಲಿ ತಪ್ತಾ ಇದ್ದೀನಿ ಹೇಳ್ರಿ."

ಅಣ್ಣ ಶೇಂಗಾ ಉಂಡೆ ಅಗಿಯುತ್ತಾ ನಕ್ಕರು. "ಅಯ್ಯೋ, ಇದನ್ನ ಇಲ್ಲೀತನಕ ಆಡಿದಿಯಾ? ನೀನು ಎಲ್ಲೂ ತಪ್ಪಿಲ್ಲವ್ವ. ಇದು ಅಂಗಡಿಗೆ ಬಂದಿದ್ದೇ ಅಲ್ಲ, ನಮೂನಿ ನೋಡಾಕೆ ಅಂತ ಮಾಡಿದ್ದು. ಸದ್ದು ಕೂರಿಸಿಲ್ಲ, ಅಂಕಿ ಕೂರಿಸಿಲ್ಲ. ಆ ಬಾಗಿಲಿನ ಆಚೆಗೆ ಏನೂ ಮಾಡೇ ಇಲ್ಲ, ಅಷ್ಟರಾಗೆ ಕಂಪನಿ ಮುಚ್ಚಿತು. ಇದರಾಗೆ ಹೊರಗೆ ಅನ್ನೋದೇ ಇಲ್ಲ." ಆಮೇಲೆ ಮಾವನ ಕಡೆ ತಿರುಗಿದರು. "ಯುಗಾದಿ ದಿನನೇ ಹೇಳಿದ್ನಲ್ಲ ಮಾವಾರೆ. ಇದೊಂದು ಅರ್ಧಂಬರ್ಧ, ಮುಗಿಯಲ್ಲ ಅಂತ. ನೀವು ಹೇಳಲಿಲ್ವಾ?"

ಮಾವ ಎಲೆಯ ನಾರು ತೆಗೆಯುತ್ತಿದ್ದರು. ತೆಗೆಯುತ್ತಲೇ ಇದ್ದರು.

 ನಾದಿನಿ, ಮನೆಯ ಅಳಿಯ, ಹಬ್ಬ ಯಾವುದೂ ನನಗೆ ಕಾಣಲಿಲ್ಲ. "ಗೊತ್ತಿತ್ತೇನ್ರಿ ಮಾವಾರೆ? ವಿಭೂತಿ ಹಚ್ಚಿಕೊಂಡು ಹೇಳಿದಾಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು," ಅಂದರು ಮೆಲ್ಲಗೆ. "ಅದಕ್ಕೇ ಹಂಗೆ ಹೇಳಿದ್ದು ಕಣವ್ವ. ಮಾತು ತಪ್ಪಿದಂಗೂ ಆಗಬಾರದು. ನಿಂಗೆ ಇಲ್ಲ ಅನ್ನಾಕೆ ಮನಸ್ಸು ಬರಲಿಲ್ಲ."

ಇಲ್ಲ ಅಂದಿದ್ದರೆ ನಾನು ಅಳುತ್ತಿದ್ದೆ, ಊಟ ಬಿಡುತ್ತಿದ್ದೆ, ಅಪ್ಪನನ್ನು ಕರೆಸಿ ಜಗಳ ಹೂಡುತ್ತಿದ್ದೆ. ಜಗಳಕ್ಕೆ ಒಂದು "ಇಲ್ಲ" ಬೇಕಿತ್ತು, ಅದನ್ನೂ ಅವರು ನನಗೆ ಕೊಡಲಿಲ್ಲ. ನನ್ನ ಹಿಂದೆ ಸದ್ದಾಯಿತು. ಅತ್ತೆ ಎದ್ದು, ಎಲ್ಲರ ನಡುವೆಯೇ ಹೋಗಿ, ಪೆಟ್ಟಿಗೆಯ ಬಾಯಿಂದ ಆ ಹಸಿರು ಹಲಗೆಯನ್ನು ಕಿತ್ತು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ನಡೆದರು.  ಆಮೇಲೆ ಬಹಳ ದಿನ ಮಾವನ ಜೊತೆ ಮಾತಾಡಲಿಲ್ಲ.

ಮುಂದಿನ ವರ್ಷ ಮಗಳು ಹೊಟ್ಟೆಯಲ್ಲಿದ್ದಳು. ದಾವಣಗೆರೆಯನ್ನು ನಾನು ಕಂಡದ್ದು ಹೆರಿಗೆ ಆಸ್ಪತ್ರೆಯ ಕಿಟಕಿಯಿಂದ.

ಆದರೆ ನನಗೆ ಮರೆಯಲಾಗದ್ದು ಪಂಚಮಿಯ ಮಾರನೇ ಬೆಳಗು. ಅಂಗಳಕ್ಕೆ ನೀರು ಹಾಕಿ ಕೂತೆ. ಬೇರೆ ರಂಗೋಲಿ ಕೈಗೆ ಬರಲೇ ಇಲ್ಲ, ಅದೇ ಕೋಣೆಗಳು ಬಿದ್ದವು. ಕೊನೆಯಲ್ಲಿ, ದೊಡ್ಡ ಬಾಗಿಲು ಇರುವ ಕಡೆ, ರಸ್ತೆಯತ್ತ, ಗೆರೆಯನ್ನು ಕೂಡಿಸದೆ ಬಿಟ್ಟೆ. ಬೇಕಂತಲೇ ಬಿಟ್ಟೆ. ಮೊದಲ ಬಸ್ ಗುರುಗುಟ್ಟುತ್ತಿತ್ತು.

ಅತ್ತೆ ಬಂದು ನಿಂತರು. ಎದುರು ಮನೆಯಾಕೆ ಆಗಲೇ ನೋಡಿ, "ಅಲ್ಲೊಂದು ಸಂದಿ ಉಳಿದೈತಲ್ರಿ" ಅಂತ ಕೂಗಿದರು. ಅತ್ತೆ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಟ್ಟಲಿಂದ ಒಂದು ಚಿಟಿಕೆ ರಂಗೋಲಿ ಪುಡಿ ತೆಗೆದುಕೊಂಡರು. ಆ ಸಂದಿಯ ಮೇಲೆ ಕೈ ಹಿಡಿದರು. ಕೈ ಅಲ್ಲೇ ನಿಂತಿತು. ಬೆರಳ ನಡುವಿನ ಪುಡಿ ಅಲ್ಲಿಲ್ಲಿ ಉದುರಿತು, ಗೆರೆಯಾಗಲಿಲ್ಲ.

"ನನ್ನ ಕೈಲಾಗಲ್ಲವ್ವ," ಅಂದರು. "ಮಂದಿ ನೋಡ್ತಾರೆ. ನೀನೇ ಮುಚ್ಚು."

ನಾನೇ ಮುಚ್ಚಿದೆ.