ಫೋಟೋ ಪರ್ವತಯ್ಯನ ಕರಿಕಲ್ಲು

ಮಧುಗಿರಿಯ ಪೇಟೆಬೀದಿಯಲ್ಲಿ ಫೋಟೋ ಅಂಗಡಿ ಇಟ್ಟುಕೊಂಡಿದ್ದ ಪರ್ವತಯ್ಯನನ್ನು ಊರಿನವರು ಫೋಟೋ ಅಯ್ನೋರು ಎಂದೇ ಕರೆಯುತ್ತಿದ್ದರು. ಹುಟ್ಟಿದ್ದು ಪೂಜೆ ಮಾಡುವ ಜಂಗಮರ ಮನೆಯಲ್ಲಿ. ಆದರೆ ಅಪ್ಪ ಹೇಳಿಕೊಟ್ಟ ಮಂತ್ರಗಳಿಗಿಂತ, ಬೆಂಗಳೂರು ದಂಡಿನಲ್ಲಿ ಒಬ್ಬ ಫೋಟೋಗ್ರಾಫರನ ಕೈಕೆಳಗಿದ್ದು ಕಲಿತ ಕೆಲಸವೇ ಅವನಿಗೆ ಹೆಚ್ಚು ಹಿಡಿಸಿತ್ತು. ಕ್ಯಾಮೆರಾ, ಅದರ ಮುಕ್ಕಾಲಿ, ಕರಿಬಟ್ಟೆ ಕಟ್ಟಿಕೊಂಡು ಶಿರಾ, ಕೊರಟಗೆರೆ, ಪಾವಗಡ ಎಂದು ತಿರುಗುತ್ತಿದ್ದ. ಮದುವೆಯ ಜೋಡಿ, ಪೇಟ ಕಟ್ಟಿದ ಪಟೇಲರು, ಸಾಯುವ ಮೊದಲು ಒಂದು ಫೋಟೋ ಇರಲಿ ಎಂದು ಮಕ್ಕಳು ಕೂರಿಸಿದ ಮುದುಕರು, ಎಲ್ಲರನ್ನೂ ತೆಗೆದಿದ್ದ.

ಆಗ ಫೋಟೋ ಎಂದರೆ ಗಾಜಿನ ಪ್ಲೇಟು. ಗಾಜಿನ ಒಂದು ಮೈಗೆ ಮದ್ದು ಸವರಿರುತ್ತಿತ್ತು. ಬೆಳಕಿನ ಒಂದು ಎಳೆ ತಗುಲಿದರೂ ಆ ಪ್ಲೇಟು ಕೆಟ್ಟಿತೆಂದೇ ಲೆಕ್ಕ. ಅಂಗಡಿಯ ಹಿಂದೆ ಕಿಟಕಿಯಿಲ್ಲದ ಒಂದು ಕತ್ತಲೆ ಕೋಣೆ ಮಾಡಿಕೊಂಡು, ಹೊಸ ಪ್ಲೇಟುಗಳನ್ನು ಕರಿಕಾಗದದಲ್ಲಿ ಸುತ್ತಿ ಒಂದು ತೆಳು ಹಲಗೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಆ ಕೋಣೆಯ ಹಿಂದೆಯೇ ಅವನ ಮನೆ. ಹೆಂಡತಿ ನಾಗರತ್ನಮ್ಮನಿಗೂ ಕೋಣೆಯೊಳಗೆ ಪ್ರವೇಶವಿರಲಿಲ್ಲ.

ನಾಗರತ್ನಮ್ಮ ಶಿರಾ ಸೀಮೆಯ ಗೌಡಗೆರೆಯವಳು. ಮಾತು ಕಡಿಮೆ, ಆಡಿದರೆ ನೇರ. ಅವರಿಗೆ ಒಂದು ಗಂಡುಕೂಸು ಹುಟ್ಟಿ, ವರ್ಷ ತುಂಬಿ ಸ್ವಲ್ಪ ದಿನಕ್ಕೆ ಜ್ವರದಲ್ಲಿ ಹೋಗಿತ್ತು. ಊರಿನ ಮಕ್ಕಳನ್ನೆಲ್ಲ ತೆಗೆದವನ ಮನೆಯಲ್ಲಿ ಆ ಕೂಸಿನ ಒಂದು ಫೋಟೋ ಇರಲಿಲ್ಲ. ಅವಳು ಕೇಳಿದಾಗೆಲ್ಲ ಅವನು, “ನಡ್ಯಾಕೆ ಕಲೀಲಿ, ನಿಲ್ಲಿಸಿ ತೆಗೀತೀನಿ” ಎನ್ನುತ್ತಿದ್ದ. ಕೂಸು ನಡೆಯಲಿಲ್ಲ. ಅದರ ಕೈಯಲ್ಲಿದ್ದ ಒಂದು ಬೆಳ್ಳಿ ಕಡಗವನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುವುದು ನೋಡಲಾಗದೆ, “ಯಾರಿಗಾದ್ರೂ ಕೊಟ್ಬುಡು ಅದನ್ನ. ಮನೇಲಿ ಕಾಣಬಾರದು” ಎಂದು ಪರ್ವತಯ್ಯ ಗದರಿದ. ಅವನಿಗೂ ಸಂಕಟವಿತ್ತು, ಅದನ್ನು ಗದರುವುದರಲ್ಲೇ ತೋರಿಸುತ್ತಿದ್ದ.

ಒಂದು ಬೇಸಿಗೆ ಪಾವಗಡದ ಆಚೆ ಕಾಗೆಬಂಗಾರ ತೆಗೆಯುವ ಗುಂಡಿಯೊಂದಕ್ಕೆ ಹೋಗಿದ್ದ. ಗುಂಡಿಯ ಯಜಮಾನನಿಗೆ ಕೂಲಿಯವರ ಜೊತೆ ನಿಂತ ಫೋಟೋ ಬೇಕಾಗಿತ್ತು. ಅಲ್ಲಿ ಕೂಲಿಯವರ ಮೇಸ್ತ್ರಿ ಕದರಪ್ಪ, ಅಗೆದು ಎಸೆದಿದ್ದ ಕಲ್ಲಿನ ರಾಶಿಯಿಂದ ತೆಂಗಿನಕಾಯಿ ಗಾತ್ರದ ಒಂದು ಕರಿಕಲ್ಲನ್ನು ಎತ್ತಿ ಅವನ ಕೈಗಿಟ್ಟ.

“ನೋಡಿ ಸಾಮಿ, ಎಷ್ಟು ತೂಕ ಐತೆ ಅಂತ. ಚಾಲಾ ಬರುವು. ಸೀಸ ಇದ್ದಂಗೆ ಐತೆ.”

ನಿಜವಾಗಿಯೂ ಗಾತ್ರಕ್ಕೆ ಮೀರಿದ ಭಾರ. ಒಡೆದ ಕಡೆ ಡಾಂಬರಿನಂತೆ ಮಿರುಗುತ್ತಿತ್ತು. ಮಧುಗಿರಿಯ ಬಂಡೆ ಕಾದು ಕಾರುವ ಧಗೆಗೆ ಅವನ ಪ್ಲೇಟಿನ ಪೆಟ್ಟಿಗೆಯ ಮುಚ್ಚಳ ಸೊಟ್ಟಗಾಗಿತ್ತು. ಸಂದಿಯಲ್ಲಿ ಬೆಳಕು ನುಗ್ಗೀತೆಂಬ ಭಯವಿತ್ತು. ಮುಚ್ಚಳವನ್ನು ಒತ್ತಿ ಹಿಡಿಯಲು ಈ ಕಲ್ಲು ಸರಿಯಾದೀತು ಎಂದುಕೊಂಡ ಪರ್ವತಯ್ಯ ಅದನ್ನು ಎತ್ತಿನ ಗಾಡಿಯಲ್ಲಿ ತಂದು ಪೆಟ್ಟಿಗೆಯ ಮೇಲಿಟ್ಟ.

ಮಳೆಗಾಲ ಶುರುವಾಗುವ ಹೊತ್ತಿಗೆ ಪ್ಲೇಟುಗಳು ಮಸುಕಾಗತೊಡಗಿದವು. ಮದ್ದಿನ ನೀರಿನಲ್ಲಿ ತೊಳೆದರೆ ಮುಖ ಮೂಡುವ ಮೊದಲೇ ಹೊಗೆ ಕವಿದಂತೆ ಗಾಜು ಕಪ್ಪಾಗುತ್ತಿತ್ತು. ಪೆಟ್ಟಿಗೆಯೊಳಗೆ ಮೇಲಿದ್ದ ಪ್ಲೇಟುಗಳಲ್ಲಿ ಹೆಚ್ಚು, ತಳದವುಗಳಲ್ಲಿ ಕಡಿಮೆ. ಬಾಗಿಲಿನ ಸಂದಿಗೆ ಬಟ್ಟೆ ತುರುಕಿದ. ಹೆಂಚಿನ ಕೆಳಗೆ ಗೋಣಿ ಹೊದಿಸಿದ. ಮಸುಕು ಹೋಗಲಿಲ್ಲ.

ಆ ದಿನಗಳಲ್ಲೇ ಶಿರಾದ ಎಣ್ಣೆ ವ್ಯಾಪಾರಿ ವೃಷಭೇಂದ್ರಪ್ಪ ಹೇಳಿಕಳಿಸಿದ. ಅವನ ತಾಯಿ ಹಾಸಿಗೆ ಹಿಡಿದಿದ್ದಳು. ಮುದುಕಿಯನ್ನು ದಿಂಬಿಗೆ ಒರಗಿಸಿ, ತಲೆ ಬಾಚಿ, ವಿಭೂತಿ ಇಟ್ಟು ಕೂರಿಸಿದ್ದರು. ಪರ್ವತಯ್ಯ ಫೋಟೋ ತೆಗೆದು ಬಂದ ವಾರದಲ್ಲೇ ಅವಳು ಲಿಂಗೈಕ್ಯಳಾದಳು. ಇತ್ತ ಪ್ಲೇಟು ತೊಳೆದು ನೋಡಿದರೆ ಅದೇ ಹೊಗೆ. ಹೊಗೆಯ ನಡುವೆ, ಮುದುಕಿಯ ಮುಖ ಇರಬೇಕಾದ ಜಾಗದಲ್ಲಿ, ಅಂಚು ಕದಡಿದ ಒಂದು ಚಿಕ್ಕ ಬಳೆಯ ಆಕಾರ.

ಅದು ಯಾವ ಬಳೆಯೆಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಒಂದು ಕಡೆ ಕಚ್ಚಿ ಸೊಟ್ಟಗಾಗಿದ್ದ ಆ ಸುತ್ತು ಅವನ ಕೂಸಿನ ಕಡಗದ್ದೇ. ಕೋಣೆಗೆ ಮರಳಿ ಕಲ್ಲು ಎತ್ತಿದ. ಅಡಿಯಲ್ಲಿ, ಮುಚ್ಚಳದ ಮೇಲೆ, ಬಟ್ಟೆಯ ಚೂರಿನಲ್ಲಿ ಸುತ್ತಿದ ಕಡಗ ಇತ್ತು.

“ಕೋಣೆಗೆ ಬಂದಿದ್ದೆ ಕಣ್ರೀ, ಸುಳ್ಳ್ಯಾಕೆ ಹೇಳ್ಲಿ” ಎಂದಳು ನಾಗರತ್ನಮ್ಮ. “ನೀವು ಕಾಣಬಾರ್ದು ಅಂದ್ರಿ. ಯಾರಿಗೂ ಕಾಣ್ದಿರೋ ಜಾಗ ಅದೊಂದೇ ಇದ್ದದ್ದು. ಬಾಗ್ಲು ಮುಚ್ಕೊಂಡು ಕತ್ಲಲ್ಲೇ ಕಲ್ಲಿನಡಿ ಇಟ್ಟು ಬಂದೆ. ಮುಚ್ಚಳ ಮುಟ್ಟಿಲ್ಲ.”

“ಮುಟ್ಟದೆ ಪ್ಲೇಟಿನ ಮೇಲೆ ಇದು ಹೆಂಗೆ ಬಂತು? ನೀನು ಪೆಟ್ಟಿಗೆ ತೆಗ್ದು ಒಳಗಿಟ್ಟಿದ್ದೆ. ದೀಪ ಹಿಡ್ಕೊಂಡು ನೋಡ್ತಿದ್ದೆ ದಿನಾ.”

“ಇಲ್ಲ.”

“ಲಿಂಗ ಮುಟ್ಟಿ ಹೇಳು.”

ಅವಳು ಕೊರಳಿನ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಹೇಳಿದಳು. ಅವರ ಮನೆತನದಲ್ಲಿ ಅದಕ್ಕಿಂತ ದೊಡ್ಡ ಆಣೆ ಇರಲಿಲ್ಲ. ಪರ್ವತಯ್ಯ, “ಮನುಷ್ಯರು ಸುಳ್ಳು ಹೇಳ್ತಾರೆ. ಪ್ಲೇಟು ಸುಳ್ಳು ಹೇಳಲ್ಲ” ಎಂದ.

ತಾಯಿಯ ಫೋಟೋ ಕೇಳಲು ವೃಷಭೇಂದ್ರಪ್ಪ ಬಂದಾಗ ಅಂಗಡಿಯ ಮುಂದೆ ಜನ ಸೇರಿತ್ತು. ಅವನ ಕೂಗಾಟ ತಡೆಯಲಾಗದೆ ಪರ್ವತಯ್ಯ ಎಲ್ಲರೆದುರೇ ಹೇಳಿಬಿಟ್ಟ: ತಪ್ಪು ತನ್ನ ಕೈಯದಲ್ಲ, ಹೆಂಡತಿಯದು, ಸತ್ತ ಕೂಸಿನ ಬಳೆಯನ್ನು ಪ್ಲೇಟಿನ ಮೇಲಿಟ್ಟು ಕೆಡಿಸಿದ್ದಾಳೆ. ಸಂಜೆಯೊಳಗೆ ಮಾತು ಕೋಟೆ ಬಾಗಿಲು ದಾಟಿತು. ಸತ್ತವರ ಮುಖದ ಮೇಲೆ ಸತ್ತ ಕೂಸಿನ ಬಳೆ ಹಾಕಿದವಳು ಎಂದು ಹೆಂಗಸರು ನಾಗರತ್ನಮ್ಮನನ್ನು ಕಂಡು ಮಕ್ಕಳನ್ನು ಒಳಕ್ಕೆ ಎಳೆದುಕೊಳ್ಳತೊಡಗಿದರು. ಬಾವಿಕಟ್ಟೆಯಲ್ಲಿ ಅವಳ ಬಿಂದಿಗೆಯ ಪಕ್ಕ ಯಾರೂ ಬಿಂದಿಗೆ ಇಡಲಿಲ್ಲ. ಪರ್ವತಯ್ಯ ಇದನ್ನೆಲ್ಲ ನೋಡಿಯೂ ಬಾಯಿ ತೆರೆಯಲಿಲ್ಲ. ಸಿಟ್ಟಿನ ಭರದಲ್ಲಿ ಆ ಕಡಗವನ್ನು ಒಯ್ದು ಅಕ್ಕಸಾಲಿಗೆ ಕೊಟ್ಟು ಕರಗಿಸಿದ. ಗೌಡಗೆರೆಯಿಂದ ಅಣ್ಣ ಗಾಡಿ ತಂದಾಗ ಅವಳು ಹತ್ತಿ ಕುಳಿತಳು. ಗಂಡ ಅಂಗಡಿಯಿಂದ ಹೊರಗೆ ಬರಲಿಲ್ಲ.

ಅವಳು ಹೋದ ಮೇಲೂ ಪ್ಲೇಟುಗಳು ಮಸುಕಾಗುತ್ತಲೇ ಇದ್ದವು.

ಈ ಸಂಗತಿ ಅವನೊಬ್ಬನಿಗೇ ಗೊತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇಲ್ಲ, ಕೋಣೆಗೆ ಬೀಗ, ಬೀಗದಕೈ ಅವನ ಉಡಿದಾರದಲ್ಲಿ. ಆದರೂ ಮೇಲಿನ ಪ್ಲೇಟು ಕಪ್ಪು. ಯಾರಿಗೂ ಹೇಳಲಿಲ್ಲ. ಕಂಪನಿಯ ಮಾಲು ಹಳತು, ಧಗೆ ಹೆಚ್ಚು ಎಂದು ತನಗೆ ತಾನೇ ಹೇಳಿಕೊಂಡ. ಗೌಡಗೆರೆಗೆ ಹೋಗಬೇಕು ಎಂದು ಎಷ್ಟೋ ಸಲ ಅನ್ನಿಸಿತು. ಹೋದರೆ ಬೀದಿಯಲ್ಲಿ ಆಡಿದ ಮಾತನ್ನು ನುಂಗಬೇಕಾಗುತ್ತಿತ್ತು. ಕೊನೆಗೆ ಮನೆಯಲ್ಲಿ ಪ್ಲೇಟು ಕೂಡಿಡುವುದನ್ನೇ ಬಿಟ್ಟು, ಬೇಕಾದಷ್ಟನ್ನು ಆಗಿಂದಾಗ್ಗೆ ತುಮಕೂರಿನಿಂದ ತರಿಸಿ ಅದೇ ವಾರ ಮುಗಿಸತೊಡಗಿದ. ಕೆಲಸ ಸರಿಹೋಯಿತು. ಅದಕ್ಕೂ ಕಾರಣ ಹುಡುಕಲಿಲ್ಲ. ಹೀಗೇ ಐದಾರು ವರ್ಷ ಕಳೆಯಿತು.

ಆಮೇಲೆ ಒಂದು ಮಾಘದಲ್ಲಿ ಸಂಜೀವಯ್ಯ ಎಂಬ ಭೂಗರ್ಭಶಾಸ್ತ್ರದ ಅಧಿಕಾರಿ ಮಧುಗಿರಿಯ ಮುಸಾಫರಖಾನೆಯಲ್ಲಿ ಬಿಡಾರ ಮಾಡಿದ. ಪಾವಗಡದ ಕಡೆಯ ಗುಂಡಿಗಳನ್ನು ನೋಡಲು ಬಂದವನು; ಬಂಡೆಗಳ ಫೋಟೋ ತೊಳೆಯಲು ಪರ್ವತಯ್ಯನ ಕತ್ತಲೆ ಕೋಣೆಯನ್ನು ಕೇಳಿ ಪಡೆದ. ಒಳಗೆ ಹೋದವನ ಕಾಲಿಗೆ ಮೂಲೆಯಲ್ಲಿದ್ದ ಕರಿಕಲ್ಲು ತಾಗಿತು. ಎತ್ತಿ ನೋಡಿದ. ಬಾಗಿಲಾಚೆ ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

“ಪ್ಲೇಟುಗಳ ಹತ್ತಿರ ಇದನ್ನು ಯಾಕೆ ಇಟ್ಟಿದೀರಿ? ನಿಮ್ಮ ಪ್ಲೇಟು ಹಾಳಾಗ್ತಿರಲಿಲ್ವೆ?”

ಪರ್ವತಯ್ಯ ಹತ್ತಿರ ಬಂದ. “ಯಾಕೆ ಸ್ವಾಮಿ?”

ಸಂಜೀವಯ್ಯ ಉತ್ಸಾಹದಿಂದ ಹೇಳತೊಡಗಿದ. ಈ ಜಾತಿಯ ಕಲ್ಲಿನಲ್ಲಿ ಯುರೇನಿಯಂ ಎಂಬ ಧಾತು ಇರುತ್ತದೆ. ಅದರ ಕಣಗಳು ತಾವಾಗಿಯೇ ಒಡೆಯುತ್ತ, ಕಣ್ಣಿಗೆ ಕಾಣದ ಕಿರಣಗಳನ್ನು ಹಗಲೂ ರಾತ್ರಿ ಹೊರಗೆ ಬಿಡುತ್ತಲೇ ಇರುತ್ತವೆ. ಬಿಸಿಲು ಬೇಡ, ಬೆಂಕಿ ಬೇಡ. ತೆಳು ಮರ, ಕಾಗದ ಆ ಕಿರಣಕ್ಕೆ ಅಡ್ಡಿಯೇ ಅಲ್ಲ. ಲೋಹ ಮಾತ್ರ ತಡೆಯುತ್ತದೆ. ಫ್ರಾನ್ಸ್ ದೇಶದಲ್ಲಿ ಇದು ಮೊದಲು ತಿಳಿದದ್ದೇ ಮೇಜಿನ ಖಾನೆಯಲ್ಲಿ ಮುಚ್ಚಿಟ್ಟ ಪ್ಲೇಟು ಕಪ್ಪಾದದ್ದರಿಂದ. ಈಗ ಯುರೋಪಿನಲ್ಲಿ ದೊಡ್ಡ ದೊಡ್ಡವರು ಇದರ ಮೇಲೆಯೇ ಕೆಲಸ ಮಾಡುತ್ತಿದ್ದಾರೆ.

ಮಾತಿನಲ್ಲಿ ನಿಲ್ಲಿಸಲಿಲ್ಲ. ಒಂದು ಹೊಸ ಪ್ಲೇಟನ್ನು ಕರಿಕಾಗದದಲ್ಲಿ ಸುತ್ತಿ, ಮೇಲೆ ತನ್ನ ಪೆಟ್ಟಿಗೆಯ ಬೀಗದಕೈ ಇಟ್ಟು, ಅದರ ಮೇಲೆ ಕಲ್ಲನ್ನು ಹೇರಿ ಪಾವಗಡಕ್ಕೆ ಹೋದ. ಕೆಲವು ದಿನ ಬಿಟ್ಟು ಅವನು ತಿರುಗಿ ಬಂದ ಮೇಲೆ ಇಬ್ಬರೂ ಪ್ಲೇಟನ್ನು ಕೆಡಿಸದ ಕೆಂಪು ದೀಪದಡಿ ಅದನ್ನು ತೊಳೆದರು. ಗಾಜು ಮೆಲ್ಲಗೆ ಕಪ್ಪಾಗುತ್ತ ಬಂತು. ನಡುವೆ ಬೀಗದಕೈಯ ಆಕಾರ ಬೆಳ್ಳಗೆ ಉಳಿಯಿತು.

“ನೋಡಿದಿರಾ! ನಿಮ್ಮ ಹತ್ತಿರ ಹಳೇ ಕೆಟ್ಟ ಪ್ಲೇಟು ಏನಾದರೂ ಇದೆಯೇ?”

ಪರ್ವತಯ್ಯ ಬೀರುವಿನ ತಳದಿಂದ ವೃಷಭೇಂದ್ರಪ್ಪನ ತಾಯಿಯ ಪ್ಲೇಟನ್ನು ತಂದುಕೊಟ್ಟ. ಸಂಜೀವಯ್ಯ ದೀಪಕ್ಕೆ ಹಿಡಿದು ಸಂತೋಷದಿಂದ ನಕ್ಕ.

“ಭೇಷ್! ಇದಕ್ಕಿಂತ ಪುರಾವೆ ಬೇಕೆ? ಈ ಪುಟ್ಟ ಬಳೆ ಯಾರದು?”

ಪರ್ವತಯ್ಯ ಕೋಣೆಯಿಂದ ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಸಂಜೀವಯ್ಯ ಕಲ್ಲನ್ನೂ ಎರಡು ಪ್ಲೇಟುಗಳನ್ನೂ ಪರೀಕ್ಷೆಗೆಂದು ಬೆಂಗಳೂರಿಗೆ ಒಯ್ದ. ಬೇಡ ಎನ್ನುವಷ್ಟು ಎಚ್ಚರ ಪರ್ವತಯ್ಯನಿಗೆ ಆಗ ಇರಲಿಲ್ಲ.

ಗೌಡಗೆರೆಯಲ್ಲಿ ನಾಗರತ್ನಮ್ಮ ಅಣ್ಣನ ಮನೆಯ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಅವನು ನಿಂತೇ ಎಲ್ಲವನ್ನೂ ಹೇಳಿದ: ಕಲ್ಲು, ಕಿರಣ, ಬೀಗದಕೈ. ಅವಳ ಕೈ ನಿಲ್ಲಲಿಲ್ಲ.

“ಅಂದ್ರೆ ಕಲ್ಲು ಸಾಕ್ಷಿ ಹೇಳ್ತು ಅಂತ ಬಂದ್ರಿ.”

“ನನ್ನ ತಪ್ಪು ಕಣೆ. ಬಾ, ಹೋಗಾನ.”

“ನಾನು ಲಿಂಗ ಹಿಡ್ದು ಹೇಳ್ದೆ. ಅದು ಸಾಲ್ದು ಅಂದ್ರಿ. ಈಗ ಯಾರೋ ಸಾಹೇಬ್ರು ಹೇಳಿದ್ರು, ಸಾಕಾಯ್ತು.” ಇನ್ನೊಂದು ಹಿಡಿ ಕಡಲೆಕಾಯಿ ತೆಗೆದುಕೊಂಡು ಕೇಳಿದಳು: “ಕಡಗ ಎಲ್ಲಿ?”

ಕರಗಿಸಿದ್ದನ್ನು ಹೇಳಬೇಕಾಯಿತು. ಅವಳ ಕೈ ಆಗ ನಿಂತಿತು. ಅವಳು ಅಳುತ್ತಾಳೆ ಎಂದುಕೊಂಡ; ಅಳಲಿಲ್ಲ.

“ಪ್ಯಾಟೆಬೀದಿಲಿ ನಿಂತ್ಕೊಂಡು ಹೇಳಿದ್ರಿ. ಅದೇ ಬೀದಿಲಿ ನಿಂತ್ಕೊಂಡು ಇದನ್ನೂ ಹೇಳಿ. ಆ ಎಣ್ಣೆ ಯಜಮಾನ್ರಿಗೂ ಹೇಳಿ. ಅವರು ನಂಬಿದ್ರೆ ಆಮ್ಯಾಕೆ ನೋಡಾನ.”

ಪರ್ವತಯ್ಯ ಹೇಳಿದ. ಅಂಗಡಿಯ ಮುಂದೆ, ಸಂತೆಯಲ್ಲಿ, ಮಠದ ಜಗಲಿಯಲ್ಲಿ. ಜನ ಕೇಳಿದರು, ಒಬ್ಬರನ್ನೊಬ್ಬರು ನೋಡಿ ನಕ್ಕರು. ಕಲ್ಲು ಎಲ್ಲಿ, ತೋರಿಸಿ ಎಂದರು. ಕಲ್ಲು ಬೆಂಗಳೂರಿನಲ್ಲಿತ್ತು, ಸಂಜೀವಯ್ಯನಿಗೆ ಬೇರೆ ಸೀಮೆಗೆ ವರ್ಗವಾಗಿತ್ತು. ಶಿರಾಕ್ಕೆ ಹೋದರೆ ವೃಷಭೇಂದ್ರಪ್ಪ ಗಾಣದ ಮುಂದೆ ನಿಲ್ಲಿಸಿಕೊಂಡೇ ಮಾತಾಡಿದ.

“ಅಯ್ನೋರೆ, ಕಲ್ಲಿಂದ ಬೆಳಕು ಬತ್ತದಾ? ಅದೂ ಕಾಣ್ದಿರೋ ಬೆಳಕು? ಹೆಂಡ್ರು ಬೇಕಾದ್ರೆ ಕರ್ಕೊಂಬನ್ನಿ, ಯಾರು ಬ್ಯಾಡಾಂತಾರೆ. ಅದಕ್ಕೆ ನಮ್ಮವ್ವನ್ನ ನಡುವೆ ತರಬ್ಯಾಡಿ.”

ಸುಳ್ಳನ್ನು ಊರು ಒಂದೇ ಸಂಜೆಯಲ್ಲಿ ನಂಬಿತ್ತು. ನಿಜವನ್ನು ಅವನು ವರ್ಷಗಟ್ಟಲೆ ಹೊತ್ತು ತಿರುಗಿದ. ಹೆಂಡತಿಯ ಹುಚ್ಚಿಗೆ ಕತೆ ಕಟ್ಟುತ್ತಾನೆ ಎಂದು ಮಾತಾಯಿತು. ಫೋಟೋ ತೆಗೆಸುವವರೂ ಹೊಸದಾಗಿ ಬಂದ ಇನ್ನೊಂದು ಅಂಗಡಿಗೆ ಹೋದರು. ಯುಗಾದಿ, ದೀಪಾವಳಿಗೆ ಅವನು ಗೌಡಗೆರೆಗೆ ಹೋಗುತ್ತಿದ್ದ. ಅವಳು ಊಟಕ್ಕೆ ಬಡಿಸುತ್ತಿದ್ದಳು. “ನಂಬಿದ್ರಾ?” ಎಂದು ಕೇಳುತ್ತಿದ್ದಳು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಆಮೇಲಾಮೇಲೆ ಅವಳು ಕೇಳುವುದನ್ನೂ ಬಿಟ್ಟಳು. ಯುದ್ಧದ ಕಾಲದಲ್ಲಿ, ಅಕ್ಕಿ ಸೀಮೆಎಣ್ಣೆ ಸಿಗದೆ ಜನ ಒದ್ದಾಡುತ್ತಿದ್ದ ವರ್ಷ, ಕಾಲರಾ ಗೌಡಗೆರೆಗೆ ಬಂದಾಗ ನಾಗರತ್ನಮ್ಮ ತೀರಿಕೊಂಡಳು. ಸುದ್ದಿ ಬರುವುದರೊಳಗೆ ಮಣ್ಣು ಮಾಡಿ ಆಗಿತ್ತು.

ಅದಾದ ಮೇಲಿನ ಒಂದು ಶ್ರಾವಣದಲ್ಲಿ ಬೆಂಗಳೂರಿನ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಮಧುಗಿರಿಯ ಹೋಟೆಲಿನಲ್ಲಿ ಒಬ್ಬ ಲಾಯರು ಗಟ್ಟಿಯಾಗಿ ಓದಿದ. ಜಪಾನಿನ ಎರಡು ಊರುಗಳನ್ನು ಎರಡೇ ಬಾಂಬಿನಲ್ಲಿ ಸುಟ್ಟಿದ್ದಾರೆ; ಅದು ಅಣುವಿನ ಶಕ್ತಿ; ಯುರೇನಿಯಂ ಎಂಬ ಧಾತುವಿನಿಂದ ತೆಗೆದದ್ದು; ಬದುಕಿ ಉಳಿದವರೂ ಕಾಣದ ಕಿರಣ ತಗುಲಿ ಕೂದಲು ಉದುರಿ ಸಾಯುತ್ತಿದ್ದಾರೆ. ಯಾರೋ ಒಬ್ಬರು, “ನಮ್ಮ ಫೋಟೋ ಅಯ್ನೋರು ಹೇಳ್ತಿದ್ದದ್ದು ಇದೇ ಹೆಸರಲ್ವಾ?” ಎಂದರು.

ಮಾರನೆಯ ದಿನದಿಂದ ಜನ ಪರ್ವತಯ್ಯನ ಬಾಗಿಲಿಗೆ ಬರತೊಡಗಿದರು. ಆ ಕಲ್ಲು ಇನ್ನೂ ಸಿಗುತ್ತದೆಯೇ, ಎಷ್ಟಕ್ಕೆ ಹೋಗುತ್ತದೆ, ಯಾವ ಗುಂಡಿಯದು ಎಂದು ಕೇಳುವವರೇ ಹೆಚ್ಚು. ವೃಷಭೇಂದ್ರಪ್ಪನೂ ಶಿರಾದಿಂದ ಬಂದ. ಕಿವಿ ಮಂದವಾಗಿ ಮುದುಕನಾಗಿದ್ದ. ಕೋಲು ಊರಿಕೊಂಡು ಬಂದು ಅಂಗಡಿಯ ಬೆಂಚಿನ ಮೇಲೆ ಕುಳಿತ.

“ಅಂಗಾದ್ರೆ ನಾಗರತ್ನಮ್ಮೋರು ಪೆಟ್ಟಿಗೆ ತೆಗ್ದೇ ಇರ್ಲಿಲ್ಲ ಅನ್ನಿ.”

“ಅವಳೂ ಅದನ್ನೇ ಹೇಳಿದ್ಲು” ಎಂದ ಪರ್ವತಯ್ಯ.

ವೃಷಭೇಂದ್ರಪ್ಪ ಇನ್ನೇನೋ ಹೇಳಲು ನೋಡಿದ. ಪರ್ವತಯ್ಯ ಎದ್ದು ಅಂಗಡಿಯ ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ಹಾಕತೊಡಗಿದ. ಮುದುಕ ಬಸ್ಸಿನ ಕಡೆ ಹೊರಟ. ಆಮೇಲೆ ಆ ಅಂಗಡಿ ಹೆಚ್ಚು ದಿನ ನಡೆಯಲಿಲ್ಲ.