ಮೇವು ಹೊತ್ತ ಟೀಚರ್

ಮೊನ್ನೆ ಶಾಲೆಯ ಸ್ಟೋರ್ ರೂಮಿನಲ್ಲಿ ಒಂದು ಗೋಣಿಚೀಲ ಬಿಚ್ಚಿದೆ. ಕೆರೆಯಿಂದ ತರಿಸಿ ನೆನೆಹಾಕಿದ್ದ ಜೇಡಿಮಣ್ಣು. ಒದ್ದೆ ಗೋಣಿಯ ವಾಸನೆ, ಅದರೊಳಗೆ ಕೊಳೆತ ಹುಲ್ಲಿನ ವಾಸನೆ, ಅದಕ್ಕೂ ಒಳಗೆ ಮಣ್ಣಿನದೇ ತಣ್ಣನೆಯ ವಾಸನೆ... ಪ್ರತಿಭಾ ಕಾರಂಜಿಗೆ ಏನು ಮಾಡೋಣ ಮಿಸ್ ಅಂತ ಆರನೇ ಏಳನೇ ತರಗತಿಯ ಮಕ್ಕಳು ಸುತ್ತ ನಿಂತು ಗಲಾಟೆ ಮಾಡುತ್ತಿದ್ದರು. ನಾನು ಮಾತ್ರ ಪರಶುರಾಂಪುರ ಕಡೆಯ ಈ ಶಾಲೆಯನ್ನು ಬಿಟ್ಟು, ಮನಸ್ಸಿನಲ್ಲೇ ನಾನು ಓದಿದ ಮೊಳಕಾಲ್ಮೂರು ತಾಲ್ಲೂಕಿನ ನಮ್ಮೂರ ಶಾಲೆಗೆ ಹೋಗಿಬಿಟ್ಟಿದ್ದೆ.

ಅಲ್ಲಿ ನಮಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ಟೀಚರ್ ಒಬ್ಬರಿದ್ದರು. ಆದರೆ ನಾವು ಕರೆಯುತ್ತಿದ್ದದ್ದು ಶನಿವಾರದ ಟೀಚರ್ ಅಂತ. ಶನಿವಾರ ಬೆಳಗಿನ ಶಾಲೆಯ ಕೊನೆಯ ಪೀರಿಯಡ್ಡು ವೇಳಾಪಟ್ಟಿಯಲ್ಲಿ ನೀತಿಪಾಠ. ಬೇರೆ ಮೇಷ್ಟ್ರುಗಳ ಕೈಗೆ ಸಿಕ್ಕಾಗ ಅದು ಲೆಕ್ಕದ ಪಾಠವಾಗುತ್ತಿತ್ತು, ಇಲ್ಲವೇ ನಮ್ಮ ಕೈಗೆ ಕಸಬರಿಗೆ ಬರುತ್ತಿತ್ತು. ಟೀಚರ್ ಅದನ್ನು ಹಟ ಮಾಡಿ ಇಸಿದುಕೊಂಡಿದ್ದರು. ಅವರು ಬರುತ್ತಿದ್ದದ್ದು ಚಳ್ಳಕೆರೆಯಿಂದ, ಬಸ್ಸಿನಲ್ಲಿ. ಗಂಡನ ಮನೆಯವರದು ಎಣ್ಣೆ ವ್ಯಾಪಾರ. ಹಣೆಯಲ್ಲಿ ವಿಭೂತಿ ಇಲ್ಲದೆ ಅವರನ್ನು ನೋಡಿದ ನೆನಪಿಲ್ಲ.

ಆ ಪೀರಿಯಡ್ಡಿನಲ್ಲಿ ವಾರಕ್ಕೊಬ್ಬರು ಎದ್ದು ನಿಂತು ತಮ್ಮ ಮನೆ ದೇವರ ಬಗ್ಗೆ ಹೇಳಬೇಕು. ಎಲ್ಲಿದೆ, ಏನು ಎಡೆ, ಏನು ಮಾಡಬಾರದು. ಉಳಿದವರು ಕೇಳಿದ್ದನ್ನು ಮಣ್ಣಿನಲ್ಲೋ ಕಾಗದದಲ್ಲೋ ಮಾಡಬೇಕು. ನಗಬಾರದು ಅನ್ನುವುದೊಂದೇ ಕಾನೂನು. ಮಗ್ಗದ ಮನೆಯ ಹುಡುಗಿ ಮಗ್ಗಕ್ಕೆ ಮಾಡುವ ಪೂಜೆ ಹೇಳಿದಳು. ಪೀರಲ ಹಬ್ಬದ ಪಂಜಾ ಹೇಗಿರುತ್ತದೆ ಅಂತ ಸಾಬರ ಹುಡುಗ ಹೇಳಿದ. ನನ್ನ ಸರದಿ ಬಂದಾಗ ನಾನು ಗೋಡೆ ನೋಡಿಕೊಂಡು, "ನಮ್ ದೇವ್ರು ಮೇಯ್ತೈತೆ ಟೀಚರ್" ಅಂದೆ.

ಕಾನೂನು ಅಲ್ಲಿಗೆ ಮುರಿದುಬಿತ್ತು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಟೀಚರ್ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಎಲ್ಲಿ ಮೇಯುತ್ತೆ, ಯಾರು ಕಾಯುತ್ತಾರೆ ಅಂತ ಕೇಳಿದರು. ಹೇಳಿದೆ. ನಮ್ಮ ಕಡೆ ದೇವರಿಗೆ ಬಿಟ್ಟ ಎತ್ತುಗಳ ಹಿಂಡು ಇರುತ್ತದೆ. ಅವಕ್ಕೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನೆಯ ಹಿರಿಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ. ಅವುಗಳನ್ನು ಕೂಡುವ ಬೇಲಿಯ ದೊಡ್ಡಿಗೆ ರೊಪ್ಪ ಅನ್ನುತ್ತಾರೆ, ಅದರೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಹಿಂಡು ಕಾಯುವವನನ್ನು ಕಿಲಾರಿ ಅನ್ನುತ್ತಾರೆ. ನಮ್ಮ ತಾತ ಕಿಲಾರಿ. ಇಷ್ಟು ಹೇಳಿ ಕೂತೆ. ಮುಂದಿನ ಶನಿವಾರ ನಗುವವರ ಬಾಯಿ ಮುಚ್ಚಿತು, ಯಾಕೆಂದರೆ ಅವತ್ತು ಎಲ್ಲರೂ ಎತ್ತು ಮಾಡಬೇಕಾಯಿತು, ಸರಿಯಾಗಿ ಬಂದದ್ದು ನನ್ನದೊಂದೇ.

ಅದನ್ನು ನೋಡಿಯೇ ಟೀಚರ್ ನನ್ನನ್ನು ಪ್ರತಿಭಾ ಕಾರಂಜಿಗೆ ಮೊಳಕಾಲ್ಮೂರಿಗೆ ಕರೆದುಕೊಂಡು ಹೋದರು. ಮಣ್ಣಿನ ಬೊಂಬೆ ಸ್ಪರ್ಧೆ ನಡೆಸುವವರು ಸಾಕುಪ್ರಾಣಿ ಮಾಡಿ ಅಂದರು. ನಾನು ಹಿಂಡಿನ ಹಿರಿ ಎತ್ತನ್ನೇ ಮಾಡಿದೆ, ಒಂದು ಕೋಡು ಕೆಳಕ್ಕೆ ಬಾಗಿದ್ದ ಮುದಿ ಎತ್ತು. ಎರಡನೇ ಬಹುಮಾನ ಬಂತು. ವೇದಿಕೆಯಿಂದ ಇಳಿದು ಬಂದು ನೋಡುತ್ತೇನೆ, ಟೇಬಲ್ಲಿನ ಮೇಲೆ ಏನೂ ಇಲ್ಲ. ಮುಂದಿನ ತಂಡಕ್ಕೆ ಮಣ್ಣು ಬೇಕಲ್ಲ, ಸ್ಪರ್ಧೆಯವರು ಎಲ್ಲ ಬೊಂಬೆಗಳನ್ನೂ ಅಮುಕಿ ಬಕೆಟ್ಟಿಗೆ ಹಾಕಿದ್ದರು. ಅವರಿಗೆ ಅದು ಮಣ್ಣು, ಅವರದೇನೂ ತಪ್ಪಿಲ್ಲ.

ಆದರೆ ನಮ್ಮ ಮನೆಯಲ್ಲಿ ಮಣ್ಣೆತ್ತು ಮಾಡಿದರೆ ಅದಕ್ಕೆ ಪೂಜೆ ಆಗಬೇಕು, ಎಡೆ ಆಗಬೇಕು, ಆಮೇಲೆ ನೀರಿಗೆ ಬಿಡಬೇಕು. ಮುರಿಯುವ ಮಾತೇ ಇಲ್ಲ. ಶಾಲೆಯಲ್ಲಿ ಮಾಡಿದ್ದನ್ನು ನಾನು ಗುಟ್ಟಾಗಿ ಮನೆಗೆ ತಂದು ಅವ್ವನ ಕೈಲಿ ಪೂಜೆ ಮಾಡಿಸಿ ನೀರಿಗೆ ಬಿಟ್ಟಿದ್ದೆ. ಇದಕ್ಕೇನು ಮಾಡಲಿ? ಊರಿಗೆ ವಾಪಸು ಬರುವ ರಾಂಪುರದ ಬಸ್ಸಿನಲ್ಲಿ ನಾನು ಕಿಟಕಿಯ ಕಂಬಿಗೆ ಹಣೆ ಆನಿಸಿ ಕೂತೆ. ಹಸಿವಾಗಿದೆ ಅಂದುಕೊಂಡು ಟೀಚರ್ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು. ಅದನ್ನೂ ಮುಟ್ಟಲಿಲ್ಲ.

ಆ ವಾರವೇ ಬಾಗಿದ ಕೋಡಿನ ಎತ್ತು ಸತ್ತುಹೋಯಿತು.

ವಯಸ್ಸಾಗಿತ್ತು, ಮೇವು ಬಿಟ್ಟು ಬಹಳ ದಿನವಾಗಿತ್ತು. ಈಗ ಗೊತ್ತು. ಆಗ ಗೊತ್ತಿದ್ದದ್ದು ಒಂದೇ, ಅದನ್ನು ಕೊಂದವಳು ನಾನು. ಅವ್ವನಿಗೆ ಹೇಳಿದೆ. ಯಾರ ಹತ್ತಿರವೂ ಬಾಯಿ ಬಿಡಬೇಡ ಅಂದಳು. ಅಂಥ ಮಾತು ನಮ್ಮೂರಲ್ಲಿ ಉಳಿಯುತ್ತದೆಯೇ? ಹಿರಿಯರ ಕಿವಿಗೆ ಬಿತ್ತು. ಗದರಲಿಲ್ಲ ಯಾರೂ. ಆದರೆ ರೊಪ್ಪದ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ತಾತ ನನ್ನ ಮುಖ ನೋಡುತ್ತಿರಲಿಲ್ಲ. ನಾನು ಶಾಲೆಗೆ ಹೋಗುವುದನ್ನು ಬಿಟ್ಟೆ, ಊಟ ಬಿಟ್ಟೆ. ಅವ್ವ ಮುದ್ದೆ ಮುರಿದು ಬಾಯಿಗಿಟ್ಟರೆ ಮುಖ ತಿರುಗಿಸುತ್ತಿದ್ದೆ. ಮುಂದಿನ ಎತ್ತು ಯಾವುದು ಸಾಯುತ್ತದೋ ಅನ್ನುವ ಭಯ.

ಗೆಳತಿಯರಿಂದ ವಿಷಯ ತಿಳಿದು ಟೀಚರ್ ಬಂದರು. ಬಾಗಿಲಿಗೆ ಬರಲಿಲ್ಲ, ನೇರ ರೊಪ್ಪಕ್ಕೆ ಹೋದರು. ಬೇಲಿಯ ಆಚೆ ಚಪ್ಪಲಿ ಬಿಟ್ಟರು. ತಾತ ಮತ್ತು ಹಿರಿಯರು ಅಲ್ಲೇ ಬೇವಿನ ಮರದ ಕೆಳಗೆ ಕೂತಿದ್ದರು. ನಾನು ಅವ್ವನ ಸೆರಗಿನ ಹಿಂದೆ.

"ಮಗೀಗೇನು ಗೊತ್ತಾಗ್ತೈತೆ ಬಿಡ್ರಿ" ಅಂದ ತಾತ, ನೆಲ ನೋಡಿಕೊಂಡು.

"ಮಾಡ್ಸಿದ್ದು ನಾನು ಕಣ್ರಿ" ಅಂದರು ಟೀಚರ್. "ಮಾಡಿದ ಮೇಲೆ ನಿಮ್ಮಲ್ಲಿ ಏನ್ ಪದ್ಧತಿ ಅಂತ ನಾನು ಕೇಳ್ಬೇಕಿತ್ತು. ಎಲ್ಲಾ ಕೇಳ್ದೆ, ಅದೊಂದು ಕೇಳ್ಲಿಲ್ಲ. ತಪ್ಪು ಹಾಕದಾದ್ರೆ ನನಗೆ ಹಾಕ್ರಿ. ಈ ಹುಡುಗಿ ತಲೆ ಮೇಲಿಂದ ಇಳಿಸ್ರಿ."

ಪಂತುಲಮ್ಮನಿಗೆ, ಅಂದರೆ ಟೀಚರಮ್ಮನಿಗೆ, ತಪ್ಪು ಹಾಕುವುದೇ ಅಂತ ಹಿರಿಯರಲ್ಲಿ ಒಬ್ಬರು ತೆಲುಗಿನಲ್ಲಿ ಪಕ್ಕದವರನ್ನು ಕೇಳಿದರು. ತಾತ ಕೈ ಅಡ್ಡಡ್ಡ ಆಡಿಸಿ ಬೇಡವೇ ಬೇಡ ಅಂದ. ಟೀಚರ್ ಮಾತ್ರ ಕದಲಲಿಲ್ಲ. ಕೊನೆಗೆ ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಬರುವ ಅಮಾವಾಸ್ಯೆಯ ತನಕ ಶನಿವಾರ ಶನಿವಾರ ಬರಿಗಾಲಲ್ಲಿ ಹಿಂಡಿಗೆ ಒಂದು ಹೊರೆ ಮೇವು ತರಲಿ ಅಂದರು. ನಮ್ಮವರೇ ತಪ್ಪು ಮಾಡಿದ್ದರೂ ಹಾಕುತ್ತಿದ್ದ ದಂಡ ಅದೇ. ಟೀಚರ್ ಕೈ ಮುಗಿದರು.

ಹೊರೆ ಹೊರುವುದು ಅವರಿಗೆ ಬರುತ್ತಿರಲಿಲ್ಲ. ಮೊದಲ ಸಲ ಒಣ ಜೋಳದ ಸೊಪ್ಪೆಯ ಹೊರೆ ಕಣದಿಂದ ನಾಲ್ಕು ಮಾರು ಬರುವುದರೊಳಗೆ ಬಿತ್ತು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಅವ್ವ ಓಡಿಹೋಗಿ ಬಟ್ಟೆ ಸುತ್ತಿ ಸಿಂಬೆ ಮಾಡಿ ಅವರ ತಲೆಗಿಟ್ಟು, ಹೊರೆ ಎತ್ತಿ ಕೊಟ್ಟಳು. ಇಸ್ತ್ರಿ ಮಾಡಿದ ಸೀರೆ, ತಲೆ ತುಂಬ ಸೊಪ್ಪೆ, ಕಾಲಲ್ಲಿ ಏನೂ ಇಲ್ಲ. ಜಾಲಿ ಮುಳ್ಳು ಚುಚ್ಚಿದಾಗ ಒಂಟಿಕಾಲಲ್ಲಿ ನಿಂತರೇ ಹೊರತು ಹೊರೆ ಇಳಿಸಲಿಲ್ಲ. ರೊಪ್ಪ ಸೇರಿದ ಮೇಲೆ ತಾತನೇ ಅವರನ್ನು ಕಲ್ಲಿನ ಮೇಲೆ ಕೂರಿಸಿ ಆ ಮುಳ್ಳು ತೆಗೆದ. ತೆಗೆದು ನನ್ನ ಕಡೆ ತಿರುಗಿ, "ನಿಮ್ ಟೀಚರಿಗೆ ನೀರು ತಗಂಬಾರವ್ವ" ಅಂದ. ಅಷ್ಟು ದಿನಗಳ ಮೇಲೆ ತಾತ ನನ್ನ ಜೊತೆ ಆಡಿದ ಮೊದಲ ಮಾತು ಅದು. ಅವತ್ತು ಮಧ್ಯಾಹ್ನ ನಾನು ಮುದ್ದೆ ಉಂಡೆ. ಇನ್ನೊಂದು ಹಾಕವ್ವ ಅಂತ ಕೇಳಿ ಉಂಡೆ.

ಟೀಚರ್ ಅಮಾವಾಸ್ಯೆಯ ತನಕ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಸ್ಟಾಫ್ ರೂಮಿನಲ್ಲಿ ಗೇಲಿ ಮಾಡಿದರು, ಚಳ್ಳಕೆರೆಯಲ್ಲಿ ಅತ್ತೆಯವರು ಬೈದರು ಅಂತ ಆಮೇಲೆ ಗೊತ್ತಾಯಿತು. ಅದಾದ ಮೇಲೆ ಯಾರ ಮನೆ ದೇವರನ್ನು ಮಾಡಿಸುವುದಿದ್ದರೂ ಮೊದಲು ಕೇಳುತ್ತಿದ್ದರು, ಮಾಡಿದ ಮೇಲೆ ನಿಮ್ಮ ಮನೆಯಲ್ಲಿ ಅದನ್ನು ಏನು ಮಾಡುತ್ತೀರಿ ಅಂತ. ನಾನೂ ಈಗ ನನ್ನ ಮಕ್ಕಳನ್ನು ಹಾಗೇ ಕೇಳುತ್ತೇನೆ. ಟೀಚರ್ ಕೆಲಸವೂ, ಮಣ್ಣು ಮುಟ್ಟುವ ಧೈರ್ಯವೂ ನನಗೆ ಬಂದದ್ದು ಅವರಿಂದ. ಇದನ್ನು ಅವರ ಎದುರಿಗೆ ಸರಿಯಾಗಿ ಹೇಳಲು ಆಗಲೇ ಇಲ್ಲ...

ಕೆಲಸ ಸಿಕ್ಕ ಹೊಸದರಲ್ಲಿ ಚಳ್ಳಕೆರೆಯ ಅವರ ಮನೆಗೆ ಹೋಗಿದ್ದೆ. ರಿಟೈರ್ ಆಗಿದ್ದರು, ಮಂಡಿ ನೋವು. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. ಎತ್ತು ಸತ್ತದ್ದು ಅದರಿಂದಲೇ ಅಂತ ನೀವು ನಂಬಿದ್ದಿರಾ ಟೀಚರ್ ಅಂದೆ.

"ನಂಬದು ಬಿಡದು ಹಂಗಿರ್ಲಿ" ಅಂದರು. "ನೀನು ಊಟ ಬಿಟ್ಟಿದ್ದೆ ಕಣವ್ವ."

ಆಮೇಲೆ, ಈಗಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಅಂತ ವಿಚಾರಿಸಿ, ಒಳಗಿಂದ ತಟ್ಟೆ ತರಿಸಿದರು.

ಹೋದ ವರ್ಷ ಅವರು ತೀರಿಕೊಂಡರು. ಫೋನು ಬಂದಾಗ ನಾನು ಮಕ್ಕಳ ಜೊತೆ ಬಿಸಿಯೂಟಕ್ಕೆ ಕೂತಿದ್ದೆ. ನಮ್ಮಲ್ಲಿ ಹತ್ತಿರದವರ ಸಾವಿನ ಸುದ್ದಿ ಕೇಳಿದರೆ ಮಣ್ಣಾಗುವ ತನಕ ಉಣ್ಣುವುದಿಲ್ಲ. ತಟ್ಟೆ ಸರಿಸಿ ಎದ್ದೆ. ಎದ್ದವಳು ಮತ್ತೆ ಕೂತೆ. ಮಕ್ಕಳು ನೋಡುತ್ತಿದ್ದರು, ಕಣ್ಣೀರು ಅನ್ನದ ಮೇಲೆ ಬೀಳುತ್ತಿತ್ತು. ಬೇರೆ ಯಾರು ಹೋಗಿದ್ದರೂ ಉಪವಾಸ ಇರುತ್ತಿದ್ದೆ. ಅವರ ಹೆಸರಲ್ಲಿ ಊಟ ಬಿಡುವ ಧೈರ್ಯ ನನಗೆ ಬರಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡು, ಕೈ ತೊಳೆದುಕೊಂಡು, ಚಳ್ಳಕೆರೆ ಬಸ್ಸು ಹತ್ತಿದೆ.